ಉಪ್ಪಿಲ್ಲದ ಮಾಳಿಗೆ ಮಣ್ಣು

ನಾನು ಚಿಕ್ಕವನಿದ್ದಾಗಲೂ ಹೀಗೇ ಇದ್ದೆ ಮಕ್ಕಳೇ, ಎಲ್ಲದಕ್ಕೂ ಚಿಂತೆ ಮಾಡುವವನು. ಏಣಿ ಹತ್ತಿದರೆ ಬಿದ್ದೇನು, ಹತ್ತದಿದ್ದರೆ ಅಂಜುಬುರುಕ ಅಂದಾರು ಎಂದು ಕೆಳಗೇ ನಿಂತು ಬಿಸಿಲು ಕಾಯುತ್ತಿದ್ದೆ. ಒಂದರ ಮೇಲೆ ಮಾತ್ರ ನನಗೆ ಪೂರ್ತಿ ಭರವಸೆಯಿತ್ತು. ಅದು ನನ್ನ ನಾಲಿಗೆ.

ದೇವದುರ್ಗದ ನಮ್ಮ ಮನೆ ಮಣ್ಣಿನ ಮಾಳಿಗೆಯದು. ದಪ್ಪ ಕಲ್ಲುಗೋಡೆ, ಅದರ ಮೇಲೆ ತೊಲೆ, ಜಂತಿ, ಜಂತಿಯ ಮೇಲೆ ಬೇವಿನ ಸೊಪ್ಪು, ಎಲ್ಲಕ್ಕೂ ಮೇಲೆ ಗಟ್ಟಿಯಾಗಿ ತುಳಿದ ಮಣ್ಣು. ಕಿಟಕಿಗಳು ಸಣ್ಣವು. ಮಾಳಿಗೆಯ ನಡುವೆ ಬಿಟ್ಟ, ಮಳೆ ಬಂದಾಗ ಬಂಡೆ ಎಳೆದು ಮುಚ್ಚುವ ಬೆಳಕಿಂಡಿಯಿಂದ ಬೆಳಕು ಒಳಗೆ ಇಳಿಯುತ್ತಿತ್ತು, ಸೆಕೆ ಮೇಲೆ ಹೋಗುತ್ತಿತ್ತು. ಹೊರಗೆ ಕಾಗೆ ಬಾಯಿ ತೆರೆದು ಕೂತಿರುವ ಬೇಸಿಗೆಯಲ್ಲೂ ಒಳಗೆ ಅಜ್ಜಿ ಸೆರಗು ಹೊದ್ದು ಮಲಗುತ್ತಿದ್ದಳು. ಸಗಣಿ ಸಾರಿಸಿದ ನೆಲಕ್ಕೆ ಕೆನ್ನೆ ಒತ್ತಿದರೆ ನೀರಿನ ಗಡಿಗೆಗೆ ಒತ್ತಿದ ಹಾಗಿರುತ್ತಿತ್ತು.

ಮುಂಗಾರಿಗೆ ಮುಂಚೆ ಪ್ರತಿ ವರ್ಷ ಮಾಳಿಗೆಗೆ ಹೊಸ ಮಣ್ಣು ಹಾಕಬೇಕು. ಯಾವುದೋ ಮಣ್ಣಲ್ಲ, ಹಳ್ಳದ ದಂಡೆಯ ಸವಳು ಮಣ್ಣು. ಅದರಲ್ಲಿ ಉಪ್ಪಿನ ಅಂಶ ಇರುವುದರಿಂದ ಹುಲ್ಲು ಹುಟ್ಟುವುದಿಲ್ಲ. ಬೇರು ಇಳಿಯದ ಕಡೆ ನೀರೂ ಇಳಿಯುವುದಿಲ್ಲ. ಕಣ್ಣಿಗೆ ಬೇರೆ ಬಿಳಿ ಮಣ್ಣೂ ಹಾಗೆಯೇ ಕಾಣುತ್ತದೆ, ಗುರುತು ಸಿಗುವುದು ನಾಲಿಗೆಗೆ ಮಾತ್ರ. "ಚುರ್ ಅಂತಂದ್ರ ಅದು ಮಾಳಗಿ ಮಣ್ಣು. ಸಪ್ಪಗ ಇತ್ತಂದ್ರ ತಿರುಗಿ ಕಳಸು" ಎಂದು ಅಜ್ಜಿ ನನಗೆ ಕಲಿಸಿದ್ದಳು. ಬಂಡಿ ಬಂದೊಡನೆ ಮೊದಲ ಚಿಟಿಕೆ ನನ್ನ ಬಾಯಿಗೆ ಬೀಳಬೇಕು. ಮನೆಯಲ್ಲಿ ನನಗಿದ್ದ ದೊಡ್ಡಸ್ತಿಕೆ ಅಷ್ಟೇ.

ಆ ವರ್ಷ ಅಪ್ಪ ಮಾನ್ವಿಗೆ ಹೋಗಿ ನೆಂಟರ ಹೊಸ ಮನೆ ನೋಡಿ ಬಂದ. ಅಲ್ಲಿ ಕಾಲುವೆ ನೀರು, ಭತ್ತ, ಸಿಮೆಂಟಿನ ಸ್ಲ್ಯಾಬು. ಬಂದವನಿಗೆ ನಮ್ಮ ಮಾಳಿಗೆ ಕಣ್ಣಿಗೆ ಚುಚ್ಚತೊಡಗಿತು.

"ಯವ್ವಾ, ಮಂದಿ ಸ್ಲ್ಯಾಬ್ ಹಾಕ್ಸಾಕತ್ತಾರ. ನಾವು ಇನ್ನಾ ತಲಿ ಮ್ಯಾಲ ಮಣ್ಣು ಹೊತಗೊಂಡು ಕುಂತೀವಿ."

"ನಿಮ್ಮಪ್ಪ ಕಟ್ಟಿಸಿದಾಗಿಂದ ಒಳಗ ಒಂದು ಹನಿ ಬಿದ್ದಿಲ್ಲ" ಎಂದಳು ಅಜ್ಜಿ. "ಸೋರಿದ ದಿನ ನಿನ್ನ ಮನಸಿಗೆ ಬಂದಂಗ ಮಾಡ್ಕೋ, ನಾ ಅಡ್ಡ ಬರೂದಿಲ್ಲ. ಅಲ್ಲೀತನಕಾ ಮಾಳಗಿ ಮುಟ್ಟಬ್ಯಾಡ."

ಅದಾದ ವಾರಕ್ಕೆ ಅಪ್ಪ ಕೊಟ್ಟಿಗೆಯಲ್ಲಿ ಜೋಳದ ದಂಟು ಒಟ್ಟಿದ. ಆಮೇಲೆ ಮಣ್ಣು ತರಲು ತಾನೇ ಬಂಡಿ ಹೂಡಿಕೊಂಡು ಹೋದ. ಮಗನಿಗೆ ಬುದ್ಧಿ ಬಂತೆಂದು ಅಜ್ಜಿಗೆ ಹಿಗ್ಗೋ ಹಿಗ್ಗು. ಮೊಣಕಾಲು ನೋವಿನಿಂದ ಅವಳು ಎದ್ದು ಬರುವಂತಿರಲಿಲ್ಲ, ಪಡಸಾಲೆಯಲ್ಲೇ ಕೂತಿದ್ದಳು. ಬಂಡಿ ಮರಳಿದೊಡನೆ ನಾನು ಗಾಲಿ ಹತ್ತಿ ಚಿಟಿಕೆ ಮಣ್ಣು ಬಾಯಿಗಿಟ್ಟೆ. ಏನೂ ಇಲ್ಲ. ಜೋಳದ ಹಿಟ್ಟು ತಿಂದ ಹಾಗೆ.

"ಅಪ್ಪಾ, ಉಪ್ಪಿಲ್ಲ."

"ಮುಂಜಾನಿ ಉಪ್ಪಿನಕಾಯಿ ನೆಕ್ಕೀಯಲ್ಲೋ, ನಾಲಿಗಿ ಸತ್ತದ ನಿಂದು."

ಉಪ್ಪಿನಕಾಯಿ ನೆಕ್ಕಿದ್ದು ನಿಜ. ಅಷ್ಟರಲ್ಲಿ ಪಡಸಾಲೆಯಿಂದ ಅಜ್ಜಿ ಕೂಗಿದಳು: "ಹೆಂಗದಲೇ? ಚುರ್ ಅಂತೇನು?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು ಕೂಗಿ ಹೇಳಿದ: "ಚುರ್ ಅಂತ ನೋಡಬೇ ಯವ್ವಾ! ನಿನ್ನ ಮೊಮ್ಮಗನ ನಾಲಿಗಿ ಒಪ್ಪೇದ!"

ಅಪ್ಪ ಹಾಗೆ ತಲೆ ಸವರಿದ್ದೇ ಅಪರೂಪ. ಉಪ್ಪಿಲ್ಲ ಎಂದು ಅಜ್ಜಿಗೆ ಕೂಗುವ ಬದಲು ನಾನು ಆ ಕೈಯ ಬಿಸಿಯ ಕೆಳಗೇ ನಿಂತೆ. ಅಂದು ಸಂಜೆಯವರೆಗೂ ನಾನು, ಅಕ್ಕ ಮಾಳಿಗೆಯ ಮೇಲೆ ನೀರು ಚಿಮುಕಿಸಿ ಮಣ್ಣು ತುಳಿದೆವು. "ನಾಲಿಗಿ ಸತ್ತದಂತಲ್ಲೋ, ಮಣ್ಣು ಮಾಡೂನೇನು?" ಎಂದು ಅಕ್ಕ ನಗುತ್ತಿದ್ದಳು. ನಾನು ಕದ್ದು ಕದ್ದು ಮತ್ತೆ ರುಚಿ ನೋಡುತ್ತಿದ್ದೆ. ಆಗಲೂ ಸಪ್ಪೆಯೇ. ನಾಲಿಗೆ ಸತ್ತವರು ಎಷ್ಟು ದಿನ ಬದುಕುತ್ತಾರೋ ಎಂಬ ಚಿಂತೆ ಹತ್ತಿತು.

ಮಳೆ ಬಂತು. ಮಣ್ಣಿನ ವಾಸನೆ ಓಣಿ ತುಂಬಿತು. ಕೆಲವೇ ದಿನಗಳಲ್ಲಿ ನಮ್ಮ ಮಾಳಿಗೆ ಹಸಿರಾಯಿತು. ಒಂದು ಮುಂಜಾನೆ ಅಜ್ಜಿ ಮಲಗಿದಲ್ಲಿಂದ ಮೇಲೆ ನೋಡುತ್ತಾಳೆ, ಬೆಳಕಿಂಡಿಯಿಂದ ಪಕ್ಕದ ಮನೆಯ ಆಡು ಇಣುಕುತ್ತಿದೆ. ಬಾಯಲ್ಲಿ ಹುಲ್ಲು!

ನಾನೂ ಅಕ್ಕನೂ ಬಿದ್ದು ಬಿದ್ದು ನಕ್ಕೆವು. ಅಜ್ಜಿ ನಗಲಿಲ್ಲ. "ಮಾಳಗಿ ಮ್ಯಾಲ ಆಡಿಗೇನು ಕೆಲಸ?" ಎಂದವಳು ಆಡಿನ ಬಾಯಿಯ ಹುಲ್ಲನ್ನೇ ನೋಡಿದಳು. ಅಂದೇ ಮಧ್ಯಾಹ್ನ ಅವಳ ಕೌದಿಯ ಮೇಲೆ ಟಪ್ ಎಂದು ಹನಿ ಬಿತ್ತು. ಅಜ್ಜಿ ಹನಿಯನ್ನು ನೋಡಿ ನನ್ನತ್ತ ತಿರುಗಿದಳು. "ನಿನ್ನ ನಾಲಿಗಿ ನಂಬಿದ್ನೆಲ್ಲೋ ಕೂಸೇ."

ಅಪ್ಪ ಅಲ್ಲೇ ಇದ್ದ. ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ಜಂತಿ ನೋಡುತ್ತಾ ನಿಂತ.

ನಾನು ಕೊಟ್ಟಿಗೆಗೆ ಓಡಿ, ಜೋಳದ ದಂಟು ಒಟ್ಟಿದ ಕಡೆ ಬಿದ್ದು ಅತ್ತೆ. ಅಳುವುದನ್ನೂ ನೆಟ್ಟಗೆ ಮಾಡಲಾರದವನು ನಾನು. ಬಿದ್ದ ರಭಸಕ್ಕೆ ಏನೋ ಪಕ್ಕೆಗೆ ಚುಚ್ಚಿತು. ಹುಡುಕಿಕೊಂಡು ಬಂದ ಅಕ್ಕ ದಂಟು ಸರಿಸಿದಳು. ಕೆಳಗೆ ಸಾಲಾಗಿ ಹೊಸ ಕಬ್ಬಿಣದ ಸಲಾಕೆಗಳು, ಸ್ಲ್ಯಾಬಿಗೆ ಹಾಕುವಂಥವು. ಆ ದಂಟನ್ನು ಅಪ್ಪನೇ ಒಟ್ಟಿದ್ದು, ಮಣ್ಣಿನ ಬಂಡಿ ಬರುವುದಕ್ಕೂ ಮೊದಲು. ಮಾಳಿಗೆ ಸೋರುತ್ತದೆಂದು ಅವನಿಗೆ ಆಗಲೇ ಗೊತ್ತಿತ್ತು! "ನಿನ್ನ ನಾಲಿಗಿ ಜೀವಂತ ಅದಲೇ" ಎಂದಳು ಅಕ್ಕ. ಅವಳು ನಗುತ್ತಿರಲಿಲ್ಲ.

ಅಕ್ಕನ ಬಾಯಿಂದ ಎಲ್ಲ ಕೇಳಿದ ಅಜ್ಜಿ ಅವಳ ಹೆಗಲು ಹಿಡಿದು ಕುಂಟುತ್ತಾ ಬಂದು ಸಲಾಕೆಗಳನ್ನು ಮುಟ್ಟಿ ನೋಡಿದಳು. ಆಮೇಲೆ ಅಪ್ಪನನ್ನು ಕರೆದಳು.

"ಸೋರಿದ್ರ ಅಡ್ಡ ಬರೂದಿಲ್ಲಂತ ಮಾತು ಕೊಟ್ಟೀನಿ. ಕಟ್ಟಸು. ಆದರ ಈ ಕೂಸಿನ ನಾಲಿಗಿ ಯಾಕ ಕೊಂದಿ?"

"ಎಲ್ಲಾರ ಸಲುವಾಗೇ ಮಾಡೀನಿ ಯವ್ವಾ" ಎಂದ ಅಪ್ಪ. ನನ್ನತ್ತ ನೋಡಲಿಲ್ಲ.

ಸ್ಲ್ಯಾಬು ಬಂತು. ಓಣಿಯವರು ಬಂದು ಹೊಗಳಿದರು. ಮುಂದಿನ ಬೇಸಿಗೆಗೆ ಆ ಮನೆ ಕಾದ ಹಂಚಿನಂತಾಯಿತು. ಅಪ್ಪ ತಂದ ಫ್ಯಾನು ಬಿಸಿಗಾಳಿಯನ್ನೇ ಎಲ್ಲರಿಗೂ ಹಂಚಿತು. ಅಜ್ಜಿ ಹಾಸಿಗೆ ಸುತ್ತಿಕೊಂಡು ಕೊಟ್ಟಿಗೆಗೆ ಹೋದಳು. ಮಣ್ಣಿನ ಮಾಳಿಗೆ ಉಳಿದಿದ್ದು ಎತ್ತುಗಳಿಗೆ ಮಾತ್ರ.

ಅಪ್ಪನ ಆಗಿನ ವಯಸ್ಸನ್ನು ನಾನು ಎಂದೋ ದಾಟಿದೆ. ಅವನ ಆಸೆ ಈಗ ಅರ್ಥವಾಗುತ್ತದೆ. ಸ್ಲ್ಯಾಬಿನ ಮೇಲೆ ನನಗೆ ಸಿಟ್ಟೂ ಇಲ್ಲ, ರಾಯಚೂರಿನಲ್ಲಿ ಅದರ ಕೆಳಗೇ ಕೂತು ಇದನ್ನು ಬರೆಯುತ್ತಿದ್ದೇನೆ. ತಲೆಯ ಮೇಲಿಟ್ಟ ಆ ಕೈ ಮಾತ್ರ ಇನ್ನೂ ಅರ್ಥವಾಗಿಲ್ಲ.

ನಿಮಗೆ ಕೂಲರ್ ಇದೆ. ಹೊರಗೆ ಬಿಸಿಲೆಷ್ಟು ಎಂದು ಫೋನು ಹೇಳುತ್ತದೆ. ಕರೆಂಟು ಹೋದೊಡನೆ ಮನೆಮಂದಿಯೆಲ್ಲ ಬಾಗಿಲಿಗೆ ಬರುತ್ತೇವೆ. ಮೊನ್ನೆ ನೀವು ಅದೇ ಫೋನಿನಲ್ಲಿ ಮಣ್ಣಿನ ಗೋಡೆ, ಬೆಳಕಿಂಡಿ ಇರುವ ಮನೆ ತೋರಿಸಿ, "ತಾತಾ, ಹೊಸಾ ಡಿಜೈನ್ ನೋಡು" ಎಂದಿರಿ. ನೋಡಿದೆ. ಆಡೊಂದು ಇರಲಿಲ್ಲ, ಅಷ್ಟೇ.

ಅವತ್ತೇ ಊಟಕ್ಕೆ ಕೂತಾಗ ನಿಮ್ಮಲ್ಲಿ ಚಿಕ್ಕವಳು "ಸಾರಿಗೆ ಉಪ್ಪಿಲ್ಲ" ಎಂದಳು. "ಇದೆ, ನಿನಗೆ ನೆಗಡಿ, ರುಚಿ ಗೊತ್ತಾಗ್ತಿಲ್ಲ" ಎಂದು ಎಲ್ಲರೂ ಅವಳ ಬಾಯಿ ಮುಚ್ಚಿಸಿದರು. ನಾನು ರುಚಿ ನೋಡಲಿಲ್ಲ. ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ಅವಳ ಕೈಗೆ ಕೊಟ್ಟೆ. ಅವಳು ಧಾರಾಳವಾಗಿ ಪಾತ್ರೆಗೇ ಸುರಿದಳು. ಬಿಪಿ ಮಾತ್ರೆ ನುಂಗುವ ನಾನು ಆ ಸಾರನ್ನು ಪೂರ್ತಿ ಉಂಡೆ.