ಅಂಗಾಲಿನ ದೃಷ್ಟಿಬೊಟ್ಟು

ದೃಷ್ಟಿ, ಗಾಳಿ, ಸೋಕು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಒಳಗೆ ಹೋಗುತ್ತಿದ್ದವಳು ನಾನು. ಹೋಗುವಾಗ ಒಂದು ಕೊಂಕು ಮಾತನ್ನೂ ಆಡಿಯೇ ಹೋಗುತ್ತಿದ್ದೆ. ಈಗಲೂ ಅದನ್ನೆಲ್ಲ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಸ್ಟಾಕ್‌ಹೋಮ್‌ನ ಆ ಸಂಜೆಯ ನಂತರ ಕೊಂಕು ಮಾತ್ರ ನಿಂತುಹೋಗಿದೆ.

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ನಾವಿದ್ದದ್ದು ಸ್ಟಾಕ್‌ಹೋಮ್‌ನಿಂದ ಎರಡು ಗಂಟೆ ದೂರದ ಓರೆಬ್ರೂ ಎಂಬ ಊರಿನಲ್ಲಿ. ಮಗಳು ಪುಟ್ಟಿಗೆ ಒಂಬತ್ತು ತಿಂಗಳು, ಅವಳನ್ನು ನೋಡಿಕೊಳ್ಳಲು ಬೆಂಗಳೂರಿನಿಂದ ನನ್ನ ಅತ್ತೆ ಬಂದಿದ್ದರು. ಮಗುವನ್ನು ಹೊರಗೆ ಕರೆದೊಯ್ಯುವಾಗ ಎಡಗಾಲಿನ ಅಡಿಗೆ ಕಾಡಿಗೆಯ ಬೊಟ್ಟಿಡುವುದು ಅವರ ಮನೆಯ ಪದ್ಧತಿ. ಒಮ್ಮೆ ತಪಾಸಣೆಗೆ ಹೋದಾಗ ನರ್ಸ್ ಅದನ್ನು ನೋಡಿ ಇದೇನು ಗಾಯವೇ ಎಂದು ಕೇಳಿದ್ದೇ ತಡ, ನನಗೆ ನಾಚಿಕೆಯಾಗಿ ಬೊಟ್ಟನ್ನು ನಿಲ್ಲಿಸಿಬಿಟ್ಟೆ. ಅತ್ತೆ ಕಾಡಿಗೆ ಡಬ್ಬಿಯನ್ನು ಎತ್ತಿಟ್ಟರು.

ಆ ಫೆಬ್ರವರಿಯಲ್ಲಿ ಎರಡು ದಿನಕ್ಕೆಂದು ಸ್ಟಾಕ್‌ಹೋಮ್‌ಗೆ ಹೋದೆವು. ನಮ್ಮವರಿಗೆ ಹಳೆಯ ಕಟ್ಟಡಗಳೆಂದರೆ ಹುಚ್ಚು. ಹಳೆ ಪಟ್ಟಣದ ಗಲ್ಲಿಗಳಲ್ಲಿ ಬಾಗಿಲು, ಕಮಾನು, ಚೂಪು ಛಾವಣಿ ಅಂತ ಕ್ಯಾಮೆರಾ ಎತ್ತಿದವರು ಇಳಿಸಲೇ ಇಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಕತ್ತಲು ಇಳಿಯತೊಡಗಿತು. ಚಳಿ ತಡೆಯದೆ ಒಂದು ಸಣ್ಣ ಕಾಫಿ ಅಂಗಡಿಗೆ ನುಗ್ಗಿದೆವು.

ಆ ದೇಶದಲ್ಲಿ ಮಲಗಿದ ಮಗುವನ್ನು ಗಾಡಿ ಸಮೇತ ಅಂಗಡಿಯ ಹೊರಗೆ ಬಿಡುತ್ತಾರೆ. ನನಗೂ ಹಾಗೆ ಮಾಡುವ ಆಸೆ. ಗೋಡೆಗೆ ಎರಡು ಕೋಲು ಒರಗಿಸಿಟ್ಟಿದ್ದರು; ಅವುಗಳ ನಡುವೆ ಯಾರೂ ನಡೆಯದ ಖಾಲಿ ಜಾಗ. ಒಳ್ಳೆಯದೇ ಆಯಿತೆಂದು ಗಾಡಿಯನ್ನು ಅಲ್ಲೇ ನಿಲ್ಲಿಸಿ ಬ್ರೇಕ್ ಹಾಕಿದೆ.

"ಕೂಸನ್ನ ಬೀದೀಲಿ ಬಿಟ್ಟು ಬಂದ್ರೆ ಕಾಫಿ ಗಂಟಲಲ್ಲಿ ಇಳಿಯತ್ತೇನೇ?" ಎಂದರು ಅತ್ತೆ.

"ಇಲ್ಲಿ ಎಲ್ಲಾರೂ ಹೀಗೇ ಮಾಡೋದು ಅತ್ತೆ. ಸುಮ್ನೆ ಕೂತ್ಕೊಳ್ಳಿ."

ಕಿಟಕಿಯಿಂದ ಗಾಡಿಯ ಹಿಡಿ ಕಾಣುತ್ತಿತ್ತು. ಅರ್ಧ ಲೋಟ ಕಾಫಿಯೂ ಮುಗಿದಿರಲಿಲ್ಲ, ಹೊರಗೆ ದೊಪ್ಪೆಂದು ಬಿದ್ದ ಸದ್ದಿಗೆ ಮೇಜಿನ ಮೇಲಿನ ಲೋಟಗಳು ಅದುರಿದವು. ಹಿಡಿ ಕಾಣಲಿಲ್ಲ. ಓಡಿದೆ. ಛಾವಣಿಯ ಮಂಜುಗಡ್ಡೆ ಕುಸಿದು, ನಾನು ಮಗುವನ್ನು ಬಿಟ್ಟ ಜಾಗದಲ್ಲಿ ಸೊಂಟದೆತ್ತರಕ್ಕೆ ಬಿದ್ದಿತ್ತು. ಅಯ್ಯೋ ದೇವರೇ ಎನ್ನುತ್ತಾ ಬರಿಗೈಯಲ್ಲಿ ಬಗೆದೆ. ಉಗುರು ಕಿತ್ತು ರಕ್ತ ಬಂದದ್ದು ಆಮೇಲೆ ಗೊತ್ತಾಯಿತು. ಮೇಲಿಂದ ಮಂಜು ಬೀಳಬಹುದು, ಇತ್ತ ಬರಬೇಡಿ ಎಂದು ಹೇಳುವುದಕ್ಕೇ ಆ ಕೋಲುಗಳು. ಊರಿಗೆಲ್ಲ ಗೊತ್ತಿದ್ದ ಸಂಗತಿ ನನಗೊಬ್ಬಳಿಗೆ ಗೊತ್ತಿರಲಿಲ್ಲ.

"ಅಲ್ಲಿದೆ ಕಣೇ! ಅಲ್ನೋಡೇ!" ಅತ್ತೆ ಚೀರಿದರು.

ಗಲ್ಲಿಯ ಆಚೆ ಬದಿಯಲ್ಲಿ, ಮುಚ್ಚಿದ ಒಂದು ಬಾಗಿಲಿನ ಮುಂದೆ ಗಾಡಿ ನಿಂತಿತ್ತು. ಬ್ರೇಕ್ ಹಾಕಿತ್ತು. ಪುಟ್ಟಿ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು.

ಯಾರೋ ಪುಣ್ಯಾತ್ಮರು ಕೋಲು ನೋಡಿ ಗಾಡಿಯನ್ನು ಸರಿಸಿರಬೇಕು ಎಂದರು ನಮ್ಮವರು. ನನಗೂ ಹಾಗೇ ಅನ್ನಿಸಿತು. ಗಲ್ಲಿಯಲ್ಲಿ ಆಗ ಯಾರೂ ಇರಲಿಲ್ಲ, ಕೈ ಮುಗಿಯೋಣವೆಂದರೆ ಎದುರಿಗೆ ಜನವೇ ಇಲ್ಲ.

ಹೋಟೆಲಿಗೆ ಬಂದು ಮಗುವಿನ ಬಟ್ಟೆ ಬಿಚ್ಚಿದೆ. ಮೈತುಂಬ ಜಿಪ್ ಹಾಕಿದ ದಪ್ಪ ಉಡುಪು, ಅದರೊಳಗೆ ಉಣ್ಣೆಯ ಪ್ಯಾಂಟು, ಎರಡು ಜೊತೆ ಕಾಲುಚೀಲ. ಎಲ್ಲವೂ ಬೆಳಿಗ್ಗೆ ನಾನು ಹಾಕಿದಂತೆಯೇ ಇದ್ದವು. ಎಡಗಾಲಿನ ಚೀಲ ಎಳೆದಾಗ ಅಂಗಾಲಿನಲ್ಲಿ ಕಪ್ಪು ಬೊಟ್ಟು ಕಂಡಿತು. ಮುಟ್ಟಿದರೆ ಹಸಿಯಾಗಿ ನನ್ನ ಬೆರಳಿಗೆ ಅಂಟಿತು. ಕಾಲುಚೀಲದ ಒಳಗೆ ಒಂದು ಚುಕ್ಕೆ ಕಲೆಯೂ ಇರಲಿಲ್ಲ.

"ಇದು ನಿಮ್ಮ ಕೆಲಸಾನಾ ಅತ್ತೆ?" ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

ಅತ್ತೆ ಬಗ್ಗಿ ನೋಡಿದರು. ಮುಖ ಬಿಳಿಚಿಕೊಂಡಿತು. "ಕೂಸಿನ ತಲೆ ಮುಟ್ಟಿ ಹೇಳ್ತೀನಿ, ನಾನಿಟ್ಟಿಲ್ಲ. ಕಾಡಿಗೆ ಡಬ್ಬಿ ಮನೇಲೇ ಬಿಟ್ಟಿದೀನಲ್ಲೇ."

ನಿಜ, ಅದು ಓರೆಬ್ರೂದಲ್ಲಿತ್ತು. ಕಾಫಿ ಅಂಗಡಿಯಲ್ಲಿ ಅವರು ನನ್ನ ಪಕ್ಕದಿಂದ ಎದ್ದಿರಲೂ ಇಲ್ಲ. ಗಾಡಿ ಸರಿಸಿದವರು ಯಾರೋ ಇದ್ದಾರು, ಒಪ್ಪುತ್ತೇನೆ. ಆದರೆ ಮಗು ಎಚ್ಚರಗೊಳ್ಳದಂತೆ ಆ ಚಳಿಯಲ್ಲಿ ಅಷ್ಟೂ ಬಟ್ಟೆ ಬಿಚ್ಚಿ, ಬೊಟ್ಟಿಟ್ಟು, ಮತ್ತೆ ತೊಡಿಸಿದ ಕೈ ಯಾರದು? ನಮ್ಮ ಮನೆಯ ಆ ಪದ್ಧತಿ ಅದಕ್ಕೆ ಹೇಗೆ ಗೊತ್ತಾಯಿತು? ಮಗುವನ್ನು ಉಳಿಸಿತು ಎಂದು ಸಮಾಧಾನ ಮಾಡಿಕೊಳ್ಳಲು ಹೋದರೆ, ನನ್ನ ಮಗುವನ್ನು ಏನೋ ಮುಟ್ಟಿದೆ ಎಂಬುದೇ ಮೊದಲು ನೆನಪಾಗುತ್ತದೆ.

ಅದನ್ನು ಒರೆಸಲು ನನಗೆ ಧೈರ್ಯ ಬರಲಿಲ್ಲ. ನಾಲ್ಕೈದು ದಿನಕ್ಕೆ ತಾನಾಗಿಯೇ ಮಾಸಿತು. ಪೂರ್ತಿ ಮಾಸಿದ ದಿನ ಬೆಳಿಗ್ಗೆ ಅತ್ತೆಯ ಡಬ್ಬಿಯನ್ನು ನಾನೇ ಹುಡುಕಿ ತಂದು, ಪುಟ್ಟಿಯ ಕಾಲು ಹಿಡಿದುಕೊಂಡು, ಅದೇ ಜಾಗಕ್ಕೆ ಬೊಟ್ಟಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ದೃಷ್ಟಿ ತಾಗಬಾರದು ಎಂದು ಇಟ್ಟೆನೋ, ನಾನು ಇಡದಿದ್ದರೆ ಅದು ಮತ್ತೆ ಬಂದು ಇಟ್ಟೀತು ಎಂಬ ಹೆದರಿಕೆಗೆ ಇಟ್ಟೆನೋ, ನನಗೆ ಇವತ್ತಿಗೂ ಗೊತ್ತಿಲ್ಲ.