ತಮ್ಮನ ಮಗಳ ನರ್ಸ್ ಕೆಲಸ

ಮಕ್ಕಳೇ, ನನ್ನ ತಮ್ಮನ ಮಗಳು ಈಗ ನಮ್ಮ ಮನೆಗೆ ಯಾಕೆ ಬರುವುದಿಲ್ಲ ಎಂದು ನೀವು ಎರಡು ಸಲ ಕೇಳಿದಿರಿ. ಬಾಯಲ್ಲಿ ಹೇಳಲು ನನಗೆ ಆಗಲಿಲ್ಲ. ಬರೆಯುತ್ತೇನೆ.

ಇಲ್ಲಿ ಜಪಾನಿನಲ್ಲಿ, ಎಡೋಗಾವಾದ ನಮ್ಮ ಕಟ್ಟಡದ ಐದನೇ ಮಹಡಿಯಲ್ಲಿ ಮೈಸೂರಿನ ಹೆಂಗಸೊಬ್ಬರಿದ್ದಾರಲ್ಲ, ಊರಿನಿಂದ ಹುಡುಗಿಯರನ್ನು ವೀಸಾ ಮಾಡಿಸಿ ಆಸ್ಪತ್ರೆ ಕೆಲಸಕ್ಕೆ ಕರೆಸುವವರು. ಒಂದು ವರಮಹಾಲಕ್ಷ್ಮಿ ಹಬ್ಬಕ್ಕೆ ನಿಮ್ಮಮ್ಮನ ಜೊತೆ ಅವರ ಮನೆಗೆ ಹೋದೆ. ವಾಡಿಕೆಯಂತೆ ಅಡುಗೆಮನೆಯ ಬಾಗಿಲಲ್ಲೇ ನಿಂತೆ. ನಿಮ್ಮಜ್ಜ ಹೋದ ಮೇಲೆ ನನಗೆ ಯಾರೂ ಕುಂಕುಮ ಕೊಟ್ಟಿರಲಿಲ್ಲ. ಆಕೆ ಎಲ್ಲರೆದುರು ನನ್ನನ್ನು ಕರೆದು ಕೂರಿಸಿ, ಮೊದಲು ನನಗೇ ಅರಿಶಿನ ಕುಂಕುಮ ಕೊಟ್ಟು ಹೂ ಮುಡಿಸಿದರು. "ಇದೇನಮ್ಮಾ, ಈ ಕಾಲ್ದಲ್ಲೂ ಮೂಲೇಲಿ ನಿಲ್ತೀರಾ?" ಅಂದರು. ಅವತ್ತಿನಿಂದ ಆಕೆ ಹೇಳಿದ್ದೆಲ್ಲ ನನಗೆ ನಿಜವೇ.

ತಿಂಗಳಾದ ಮೇಲೆ ಕೇಳಿದರು. "ನಿಮ್ ಕಡೆ ನರ್ಸಿಂಗ್ ಓದಿರೋ ಹುಡುಗೀರು ಇದ್ರೆ ಹೇಳೀಮ್ಮಾ. ದೊಡ್ಡ ಆಸ್ಪತ್ರೆ. ನರ್ಸ್ ಕೆಲಸಾನೇ."

ಮಗಳನ್ನು ಕಳಿಸಲು ತಮ್ಮನಿಗೆ ಮನಸ್ಸಿರಲಿಲ್ಲ. ಫೋನಿನಲ್ಲಿ ನಾನೇ ಒತ್ತಾಯ ಮಾಡಿದೆ. "ಕಳ್ಸೋ, ನಾನಿಲ್ವಾ ಇಲ್ಲಿ?" ನಾಲ್ಕು ಜನರೆದುರು ಬಾಯಿ ಬಿಡದವಳು ಅವತ್ತು ಅಷ್ಟು ಮಾತಾಡಿದೆ.

ಹುಡುಗಿ ಜಿಲ್ಲಾಸ್ಪತ್ರೆಯ ಕೆಲಸ ಬಿಟ್ಟು, ಜಪಾನಿ ಭಾಷೆ ಕಲಿತು ಬಂದಳು. ಅವಳನ್ನು ಹಾಕಿದ್ದು ವೃದ್ಧಾಶ್ರಮಕ್ಕೆ. ಸ್ನಾನ, ಊಟ, ಡೈಪರ್. ಆ ಕೆಲಸ ಕೀಳೆಂದು ಅವಳು ಅನ್ನಲಿಲ್ಲ. ಆದರೆ ಇಲ್ಲಿಯ ಪರೀಕ್ಷೆ ಪಾಸಾಗದೆ ನರ್ಸ್ ಆಗಿ ಸೂಜಿ ಮುಟ್ಟುವಂತಿಲ್ಲ ಎಂದು ಯಾರೂ ಮೊದಲೇ ಹೇಳಿರಲಿಲ್ಲ. ಮುದುಕರನ್ನು ಎತ್ತಿ ಎತ್ತಿ ಸೊಂಟ ಹಿಡಿಯಿತು. ಬೇರೆ ಕಡೆ ಹೋಗುತ್ತೇನೆ ಅಂದದ್ದಕ್ಕೆ, ಬಿಟ್ಟರೆ ವೀಸಾ ಹೋಗುತ್ತದೆ, ಊರಿಗೆ ಕಳಿಸುತ್ತಾರೆ ಎಂದು ಐದನೇ ಮಹಡಿಯಾಕೆ ಹೆದರಿಸಿದರಂತೆ.

ಮೇಲೆ ಹೋಗಿ ಕೇಳಿದೆ. "ನಿಮಗೆ ಮೊದ್ಲೇ ಗೊತ್ತಿತ್ತಾ?"

ಆಕೆ ಬಟ್ಟೆ ಮಡಿಸುತ್ತಲೇ ನಕ್ಕರು. "ಗೊತ್ತಿಲ್ದೆ ಏನಮ್ಮಾ? ಎಲ್ಲಾ ಮೊದ್ಲೇ ಹೇಳಿದ್ರೆ ಯಾರ್ ಬರ್ತಾರೆ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಕ್ಕೆ ಹೇಳಿ. ಕಾಫಿ ಕುಡೀತೀರಾ?"

ಕುಡಿದು ಬಂದೆ. ಬೇಡ ಅನ್ನಲೂ ನನಗೆ ಬರಲಿಲ್ಲ.

ದೊಡ್ಡವಳೇ, ಅದಾದ ಮೇಲೆಯೇ, ಕೆಲಸ ಬಿಟ್ಟರೆ ವೀಸಾ ಹೋಗುವುದು ನಿಜವೇ ಎಂದು ಕೇಳಲು, ನಿನ್ನನ್ನು ನಗರಸಭೆಯಂಥ ಇಲ್ಲಿಯ ವಾರ್ಡ್ ಕಚೇರಿಗೆ ಕರೆದುಕೊಂಡು ಹೋದದ್ದು. ಕೌಂಟರಿನ ಹೆಂಗಸಿನ ಮಾತು ಕೇಳಿ ನೀನು ನನಗೆ ಹೇಳಿದೆ. "ಅಜ್ಜಿ, ಜಾಬ್ ಚೇಂಜ್ ಮಾಡ್ಬಹುದಂತೆ. ಸೇಮ್ ಕೆಲ್ಸ ಆದ್ರೆ ಓಕೆ. ಹೊಸ ಪ್ಲೇಸ್ ಸಿಗ್ಬೇಕು, ಆಮೇಲೆ ವೀಸಾ ಆಫೀಸಲ್ಲಿ ಪರ್ಮಿಷನ್ ತಗೋಬೇಕು." ಅಂದರೆ ಹೆದರಿಸಿದ್ದೂ ಸುಳ್ಳು.

ಸಂಭ್ರಮದಿಂದ ಹುಡುಗಿಗೆ ಫೋನ್ ಮಾಡಿದೆ.

"ನಂಗೆ ಹೋದ್ ತಿಂಗ್ಳೇ ಗೊತ್ತಾಯ್ತು ಅತ್ತೆ. ಬೇರೆ ಕಡೆ ಸಿಕ್ಕಿದೆ."

"ಎಲ್ಲೇ?"

"ಹೇಳಲ್ಲ. ನೀನು ಹೋಗಿ ಆಕೆಗೆ ಹೇಳ್ಬಿಟ್ರೆ?"

"ನಾನ್ಯಾಕೆ ಹೇಳ್ಲಿ?"

"ನಾನು ಆಕೇನ ನಂಬಿ ಬಂದೋಳಲ್ಲ ಅತ್ತೆ. ನಿನ್ನ ನಂಬಿ ಬಂದೋಳು."

ಅವಳು ಯಾವ ಊರಿನಲ್ಲಿದ್ದಾಳೋ ನನಗೆ ಇವತ್ತಿಗೂ ಗೊತ್ತಿಲ್ಲ. ನಿಮಗೇನಾದರೂ ಹೇಳಿದ್ದರೆ, ನನಗೆ ಹೇಳಬೇಡಿ. ಅವಳಾಗಿ ಹೇಳಲಿ.