ಎಣ್ಣೆಗೆ ಅಂಟಿ ಬಂದ ಚೂರು

ಹುಮನಾಬಾದಿನ ದನದ ದವಾಖಾನೆಯಲ್ಲಿ ನಾನು ಗುಮಾಸ್ತನಾಗಿದ್ದಾಗ ಹಿಂಡಿ, ಬೂಸಾ ಪರೀಕ್ಷೆ ಮಾಡುವವರೊಬ್ಬರಿದ್ದರು. ಮೇವಿನ ಪುಡಿಯನ್ನು ಬಿಸಿನೀರಿಗೆ ಹಾಕಿ, ಔಡಲೆಣ್ಣೆ ಸುರಿದು ಕಲಕುತ್ತಿದ್ದರು. ಪುಡಿ ತಳ ಸೇರಿದರೆ, ಹುಳದ ಕಾಲು, ರೆಕ್ಕೆಯ ಚೂರು ಎಣ್ಣೆಗೆ ಅಂಟಿ ಮೇಲೇಳುತ್ತಿದ್ದವು. ಯಾರು ಅವಸರ ಮಾಡಿದರೂ ಅವರದು ಒಂದೇ ಮಾತು: "ತಡೀರಿ, ಮ್ಯಾಲ ಬರ್ಲಿ." ಆಮೇಲೆ ಒಂದು ಕಣ್ಣು ಮುಚ್ಚಿ, ನಮಸ್ಕಾರ ಮಾಡುವವರ ಹಾಗೆ ಸೂಕ್ಷ್ಮದರ್ಶಕಕ್ಕೆ ಬಾಗುತ್ತಿದ್ದರು.

ಒಮ್ಮೆ ಮುಡಬಿಯ ಮುದುಕಿಯೊಬ್ಬಳು ಜೋಳದ ಹಿಟ್ಟಿನ ಗಂಟು ಹಿಡಿದು ಬಂದಳು.

"ಸಾಹೇಬ್ರ, ನಮ್ ಸೊಸಿ ಜ್ವಾಳ ಹಸನ ಮಾಡ್ದೇ ಬೀಸ್ಯಾಳ. ಕೊಳ್ಳಾಗ ಲಿಂಗ ಕಟ್ಟಿದ ನಮಗ ನುಸಿ ತಿನ್ಸಾಕತ್ಯಾಳ. ನೀವು ಹೌದಂದ್ರ ಇವತ್ತೇ ತವರಿಗಿ ಅಟ್ತೀನಿ."

ಅವರು ಪರೀಕ್ಷಿಸಿದರು. ನುಸಿಯ ಚೂರು ತೇಲಿಯೇಬಿಟ್ಟಿತು. "ನುಸಿ ಅದಾವ್ರಿ ಯವ್ವಾ," ಎಂದರು. ಮುದುಕಿ ಸೆರಗು ಬಿಗಿದು ಎದ್ದಳು.

"ಸ್ವಲ್ಪ ಕೂಡ್ರಿ," ಎಂದವರೇ ತಮ್ಮ ಬುತ್ತಿ ಬಿಚ್ಚಿ, ರೊಟ್ಟಿಯ ತುಂಡೊಂದನ್ನು ಪುಡಿಮಾಡಿ ಇನ್ನೊಂದು ಲೋಟಕ್ಕೆ ಹಾಕಿದರು. ಅದರಲ್ಲೂ ಅವೇ ಚೂರುಗಳು. ಅವಳನ್ನೇ ಕರೆದು ತೋರಿಸಿದರು.

ಮುದುಕಿ ಬಹಳ ಹೊತ್ತು ಬಾಗಿ ನೋಡಿದಳು. "ಇದು ಯಾರ್ ಮಾಡಿದ್ ರೊಟ್ಟಿ?"

"ನಮ್ಮವ್ವಂದ್ರಿ."

"ಈಗ ಅಕಿಗಿ ಏನಂತೀ ತಮ್ಮಾ?"

"ಇನ್ನೊಂದು ಹಾಕವ್ವಾ ಅಂತೀನ್ರಿ."

ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಬಾಗಿಲು ದಾಟುವಾಗ ನನ್ನತ್ತ ತಿರುಗಿ, "ಮುಡಬಿ ಬಸ್ ಹೋಗ್ಯದೇನ್ರಿ? ನಾ ಬರೋತನಕ ಆ ಹುಡುಗಿ ಉಣ್ದೇ ಕುಂತಿರ್ತದ," ಎಂದಳು.